ಎಲ್ವೆಡನ್ ಎಸ್ಟೇಟ್

ಎಲ್ವೆಡನ್ ಎಸ್ಟೇಟ್ ಇಂಗ್ಲೆಂಡಿನ ಪೂರ್ವಭಾಗದ ಸಫೊಕ್ ಕೌಂಟಿಯಲ್ಲಿರುವ ಒಂದು ಐತಿಹಾಸಿಕ ಖಾಸಗಿ ಭೂಸ್ವತ್ತು. ನಾರ್ಫೊಕ್ ಕೌಂಟಿಯ ಗಡಿಗೆ ಹೊಂದಿಕೊಂಡಿರುವ ಈ ಎಸ್ಟೇಟ್ ಥೆಟ್‌ಫರ್ಡ್ ಪಟ್ಟಣದ ನೈಋತ್ಯಕ್ಕಿದೆ. ಇದರ ವಿಸ್ತೀರ್ಣ ಸುಮಾರು 22,500 ಎಕರೆ (ಸುಮಾರು 9,100 ಹೆಕ್ಟೇರ್). ಬೇಸಾಯದ ಹೊಲಗಳು, ಮರಮುಟ್ಟಿಗಾಗಿ ಬೆಳೆಸಿದ ಪೈನ್ ನೆಡುತೋಪುಗಳು, ಕುರುಚಲು ಬಯಲುಗಳು ಹಾಗೂ ಹಕ್ಕಿಬೇಟೆಗೆ ಮೀಸಲಾದ ಮರದ ತೋಪುಗಳು ಇಲ್ಲಿ ಒಂದೇ ಒಡೆತನದಲ್ಲಿವೆ. ಪಂಜಾಬಿನ ಸಿಖ್ ಸಾಮ್ರಾಜ್ಯದ ಕೊನೆಯ ಮಹಾರಾಜ ದುಲೀಪ್ ಸಿಂಗ್ 1863ರಿಂದ ಇದರ ಒಡೆಯನಾಗಿದ್ದನು. 1894ರಿಂದ ಇದು ಐವಾ ಅರ್ಲ್ ಪದವಿಯ ಗಿನ್ನೆಸ್ ಮನೆತನದ ವಶದಲ್ಲಿದೆ.

ಕರ್ನಾಟಕದಲ್ಲಿ 'ಎಸ್ಟೇಟ್' ಎಂದರೆ ಸಾಮಾನ್ಯವಾಗಿ ಕಾಫಿ ಅಥವಾ ಚಹಾ ತೋಟವೆಂದು ಅರ್ಥ. ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಈ ಪದಕ್ಕೆ ಇನ್ನೂ ವಿಶಾಲವಾದ ಅರ್ಥವಿದೆ. ಒಡೆಯನ ಬಂಗಲೆ, ಅದರ ಸುತ್ತಲಿನ ಉದ್ಯಾನ, ಹೊಲ, ಕಾಡು, ಗೇಣಿದಾರರ ಜಮೀನು, ಕೆಲಸಗಾರರ ಮನೆಗಳು ಮತ್ತು ಕೆಲವೊಮ್ಮೆ ಇಡೀ ಹಳ್ಳಿಗಳೂ ಅದರಲ್ಲಿ ಸೇರುತ್ತವೆ. ಎಲ್ವೆಡನ್ ಅಂತಹ ವ್ಯವಸ್ಥೆಗೆ ಒಂದು ಉತ್ತಮ ಉದಾಹರಣೆ. ಬೆಳೆಗೆ ಯೋಗ್ಯವಲ್ಲವೆಂದು ಬೇಟೆಗೆ ಬಿಟ್ಟಿದ್ದ ಮರಳುನೆಲವು ಮುಂದೆ ದೊಡ್ಡ ಕೃಷಿಕ್ಷೇತ್ರವಾಗಿ ಮಾರ್ಪಟ್ಟದ್ದು ಇದರ ಇತಿಹಾಸದ ಮುಖ್ಯ ಸಂಗತಿ.

ಭೂಗುಣ ಮತ್ತು ಹವೆ

ಎಲ್ವೆಡನ್ ಇರುವ ಪ್ರದೇಶಕ್ಕೆ ಬ್ರೆಕ್‌ಲ್ಯಾಂಡ್ ಅಥವಾ ಬ್ರೆಕ್ಸ್ ಎಂದು ಹೆಸರು. ಕೆಲವು ವರ್ಷ ಉತ್ತು ಬಿತ್ತಿ, ಸಾರ ಕುಂದಿದ ಮೇಲೆ ಹಲವು ವರ್ಷ ಬೀಳುಬಿಡುತ್ತಿದ್ದ ನೆಲವನ್ನು ಸ್ಥಳೀಯರು 'ಬ್ರೆಕ್' ಎನ್ನುತ್ತಿದ್ದರು. ಇಡೀ ಪ್ರದೇಶದ ಹೆಸರು ಅದರಿಂದಲೇ ಬಂದಿದೆ. ಇಲ್ಲಿ ಸೀಮೆಸುಣ್ಣದ ಕಲ್ಲಿನ ಪದರದ ಮೇಲೆ ತೆಳುವಾದ ಮರಳುಮಣ್ಣು ಹರಡಿದೆ. ನಡುನಡುವೆ ಚಕಮಕಿ ಕಲ್ಲು ಹೇರಳವಾಗಿ ಸಿಗುತ್ತದೆ. ಈ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಗೊಬ್ಬರದ ಸಾರವೂ ಬೇಗನೆ ಇಂಗಿಹೋಗುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುವ ಈ ಭಾಗವು ಬ್ರಿಟನ್ನಿನ ಅತ್ಯಂತ ಒಣಪ್ರದೇಶಗಳಲ್ಲಿ ಒಂದು. ವಸಂತ ಕಳೆದ ಮೇಲೂ ರಾತ್ರಿಯ ಹಿಮ ಬಿದ್ದು ಎಳೆಯ ಪೈರು ಸುಟ್ಟುಹೋಗುವುದುಂಟು.

ಹಿಂದಿನ ಕಾಲದಲ್ಲಿ ಇಲ್ಲಿನ ದೊಡ್ಡ ತೊಂದರೆಯೆಂದರೆ ಗಾಳಿಗೆ ಹಾರುವ ಮರಳು. ಹದಿನೇಳನೆಯ ಶತಮಾನದಲ್ಲಿ ಲೇಕನ್‌ಹೀತ್ ಕಡೆಯಿಂದ ಸರಿದು ಬಂದ ಮರಳು, ಸಮೀಪದ ಸ್ಯಾಂಟನ್ ಡೌನ್‌ಹ್ಯಾಮ್ ಎಂಬ ಹಳ್ಳಿಯ ಹೊಲ ಮನೆಗಳನ್ನು ಮುಚ್ಚಿಹಾಕಿತು. ಕುರಿಗಳ ಮೇಯುವಿಕೆ ಮತ್ತು ಮೊಲಗಳ ಕಾಟದಿಂದ ಹುಲ್ಲಿನ ಹೊದಿಕೆ ಹರಿದುಹೋದದ್ದು ಇದಕ್ಕೆ ಒಂದು ಕಾರಣ. ನಾರ್ಮನ್ನರ ಕಾಲದಲ್ಲಿ ಬ್ರಿಟನ್ನಿಗೆ ಬಂದ ಬಿಲವಾಸಿ ಮೊಲಗಳನ್ನು ಮಧ್ಯಯುಗದಲ್ಲಿ ಮಾಂಸಕ್ಕೂ ತುಪ್ಪಳಕ್ಕೂ ಇಲ್ಲಿನ ವಿಶಾಲವಾದ ಮೀಸಲು ಬಯಲುಗಳಲ್ಲಿ ಸಾಕುತ್ತಿದ್ದರು. ಧಾನ್ಯ ಸರಿಯಾಗಿ ಬೆಳೆಯದ ನೆಲದಲ್ಲಿ ಮೊಲವೇ ಲಾಭದ ಬೆಳೆಯಾಗಿತ್ತು.

ಆರಂಭಿಕ ಇತಿಹಾಸ

ಮಧ್ಯಯುಗದಲ್ಲಿ ಎಲ್ವೆಡನ್ ಬರಿ ಸೇಂಟ್ ಎಡ್ಮಂಡ್ಸ್‌ನ ಮಠದ ಆಸ್ತಿಯಾಗಿತ್ತು. ಎಂಟನೆಯ ಹೆನ್ರಿಯು ಮಠಗಳನ್ನು ವಿಸರ್ಜಿಸಿದ ಬಳಿಕ ಅದು ಖಾಸಗಿಯವರ ಕೈಸೇರಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನೌಕಾ ಸೇನಾಧಿಕಾರಿ ಆಗಸ್ಟಸ್ ಕೆಪ್ಪೆಲ್ (1725–1786) ಇದನ್ನು ಕೊಂಡನು. 1762ರಲ್ಲಿ ಹವಾನಾ ನಗರವನ್ನು ವಶಪಡಿಸಿಕೊಂಡ ಬ್ರಿಟಿಷ್ ದಂಡಯಾತ್ರೆಯಲ್ಲಿ ಕೆಪ್ಪೆಲ್ ಭಾಗವಹಿಸಿ, ಯುದ್ಧದ ಸೂರೆಯಲ್ಲಿ ದೊಡ್ಡ ಪಾಲು ಪಡೆದಿದ್ದನು. ಅವನ ನಂತರ ಆಸ್ತಿಯು ಸಹೋದರನ ಮಗನಾದ ಆಲ್ಬಮಾರ್ಲ್ ಅರ್ಲ್‌ನಿಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅದು ನ್ಯೂಟನ್ ಎಂಬ ವರ್ತಕ ಮನೆತನಕ್ಕೆ ಮಾರಾಟವಾಯಿತು.

ಬಯಲುಗಳಿಗೆ ಬೇಲಿ ಹಾಕಿ ಹೊಲ ಮಾಡಿಕೊಂಡ ಈ ಕಾಲದಲ್ಲಿಯೇ ಬ್ರೆಕ್‌ಲ್ಯಾಂಡಿನಲ್ಲಿ ಸ್ಕಾಟ್ಸ್ ಪೈನ್ ಮರದ ಸಾಲುಗಳನ್ನು ನೆಡುವ ಪದ್ಧತಿ ಹರಡಿತು. ಮರಳು ಹಾರದಂತೆ ತಡೆಯುವ ಬೇಲಿಯಾಗಿ ಇವನ್ನು ನೆಟ್ಟು, ಮೇಲ್ತುದಿ ಕತ್ತರಿಸಿ ಕುಳ್ಳಾಗಿ ಇಡುತ್ತಿದ್ದರು. ಕ್ರಮೇಣ ಕತ್ತರಿಸುವುದು ನಿಂತಾಗ ಅವು ಸೊಟ್ಟಸೊಟ್ಟಾಗಿ ಬೆಳೆದು ಮರಗಳಾದವು. ಹೀಗೆ ತಿರುಚಿಕೊಂಡು ನಿಂತ ಪೈನ್ ಸಾಲುಗಳು ಇಂದು ಬ್ರೆಕ್‌ಲ್ಯಾಂಡಿನ ಗುರುತಾಗಿವೆ.

ಮಹಾರಾಜ ದುಲೀಪ್ ಸಿಂಗ್

ಮಹಾರಾಜ ರಣಜಿತ್ ಸಿಂಗನ ಕಿರಿಯ ಮಗ ದುಲೀಪ್ ಸಿಂಗ್ (1838–1893) ಐದು ವರ್ಷದ ಬಾಲಕನಾಗಿದ್ದಾಗ ಪಟ್ಟಕ್ಕೆ ಬಂದನು. 1849ರಲ್ಲಿ ಎರಡನೆಯ ಆಂಗ್ಲೋ-ಸಿಖ್ ಯುದ್ಧ ಮುಗಿದೊಡನೆ ಈಸ್ಟ್ ಇಂಡಿಯಾ ಕಂಪನಿಯು ಪಂಜಾಬನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡಿತು. ಹತ್ತು ವರ್ಷದ ಅರಸನಿಂದ ರಾಜ್ಯವನ್ನೂ ಕೊಹಿನೂರ್ ವಜ್ರವನ್ನೂ ಪಡೆದುಕೊಂಡು ಅವನಿಗೆ ವರ್ಷಾಶನ ಗೊತ್ತುಮಾಡಲಾಯಿತು. ತಾಯಿ ಜಿಂದ್ ಕೌರಳಿಂದ ಅವನನ್ನು ಬೇರ್ಪಡಿಸಲಾಯಿತು. 1853ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ದುಲೀಪ್ ಸಿಂಗ್ ಮರುವರ್ಷ ಇಂಗ್ಲೆಂಡಿಗೆ ಹೋದನು.

1863ರಲ್ಲಿ ಸುಮಾರು 17,000 ಎಕರೆಯ ಎಲ್ವೆಡನ್ ಎಸ್ಟೇಟನ್ನು ಅವನಿಗಾಗಿ ಕೊಳ್ಳಲಾಯಿತು. ಇದಕ್ಕೆ ಬೇಕಾದ ಹಣವು ಭಾರತ ಸಚಿವಾಲಯದ ಮೂಲಕ ಸಾಲವಾಗಿ ದೊರೆಯಿತು. ಆ ಸಾಲದ ಬಡ್ಡಿಯು ಅವನ ವರ್ಷಾಶನದ ಮೇಲೆ ಹೊರೆಯಾಗಿ ಉಳಿಯಿತು. ವಾಸ್ತುಶಿಲ್ಪಿ ಜಾನ್ ನಾರ್ಟನ್ ಹಳೆಯ ಬಂಗಲೆಯನ್ನು ಪುನರ್ನಿರ್ಮಿಸಿದನು. ಹೊರಗೆ ಇಟಾಲಿಯನ್ ಮಾದರಿಯ ಇಂಗ್ಲಿಷ್ ಬಂಗಲೆಯಂತೆ ಕಾಣುವ ಆ ಮನೆಯ ಒಳಭಾಗದಲ್ಲಿ ಮೊಘಲ್ ಶೈಲಿಯ ಕಮಾನುಗಳು, ಗಾರೆಯ ಸೂಕ್ಷ್ಮ ಕೆತ್ತನೆ ಮತ್ತು ಕನ್ನಡಿಚೂರಿನ ಅಲಂಕಾರಗಳಿದ್ದವು.

ದುಲೀಪ್ ಸಿಂಗ್ ತನ್ನ ಕಾಲದ ಇಂಗ್ಲೆಂಡಿನ ಶ್ರೇಷ್ಠ ಗುರಿಕಾರರಲ್ಲಿ ಒಬ್ಬನೆಂದು ಹೆಸರಾದನು. ವೇಲ್ಸ್ ರಾಜಕುಮಾರನೂ (ಮುಂದೆ ಏಳನೆಯ ಎಡ್ವರ್ಡ್) ಇಲ್ಲಿ ಅತಿಥಿಯಾಗಿ ಬೇಟೆಗೆ ಬರುತ್ತಿದ್ದನು. 1876ರಲ್ಲಿ ಮಹಾರಾಜನು ಒಂದೇ ದಿನ ಸಾವಿರ ತೋಟಾಗಳಲ್ಲಿ ಸುಮಾರು 780 ಗೌಜಲಹಕ್ಕಿಗಳನ್ನು ಹೊಡೆದನೆಂಬುದು ಬೇಟೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಬೇಸಾಯಕ್ಕೆ ಒಗ್ಗದ ಬಡ ನೆಲ ಈ ಹಕ್ಕಿಗಳಿಗೆ ಒಗ್ಗಿತ್ತು. ಒಣ ಮರಳಿನಲ್ಲಿ ನೆಲದ ಮೇಲೆ ಗೂಡು ಕಟ್ಟುವ ಗೌಜಲಹಕ್ಕಿಯ ಮರಿಗಳು ಚಳಿ ತೇವಗಳಿಗೆ ಸಿಕ್ಕಿ ಸಾಯುವುದು ಕಡಿಮೆ. ವಿರಳವಾದ ಬಾರ್ಲಿ ಮತ್ತು ರೈ ಬೆಳೆಯ ನಡುವೆ ಅವುಗಳಿಗೆ ಕೀಟಾಹಾರವೂ ಅಡಗುತಾಣವೂ ಸಿಗುತ್ತಿದ್ದವು.

ಮನೆ ಕಟ್ಟಿಸಿದ ವೆಚ್ಚ, ಬೇಟೆಯ ವೈಭವ ಮತ್ತು ದುಂದುಗಾರಿಕೆಗಳಿಂದ ಅವನ ಸಾಲ ಬೆಳೆಯಿತು. ಇದೇ ವೇಳೆ, ಪಂಜಾಬಿನಲ್ಲಿದ್ದ ತನ್ನ ಮನೆತನದ ಖಾಸಗಿ ಆಸ್ತಿಗಳ ಲೆಕ್ಕವನ್ನು ಅವನು ಸರ್ಕಾರದಿಂದ ಕೇಳತೊಡಗಿದನು. 1882ರಲ್ಲಿ 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ತನ್ನ ಹಕ್ಕನ್ನು ಸಾರ್ವಜನಿಕರ ಮುಂದಿಟ್ಟನು. ಅದರಿಂದ ಫಲ ದೊರೆಯಲಿಲ್ಲ. 1886ರಲ್ಲಿ ಎಲ್ವೆಡನ್ನನ್ನು ತೊರೆದು ಕುಟುಂಬದೊಡನೆ ಭಾರತಕ್ಕೆ ಹೊರಟಾಗ ಏಡನ್ ಬಂದರಿನಲ್ಲಿ ಬ್ರಿಟಿಷ್ ಅಧಿಕಾರಿಗಳು ಅವನನ್ನು ತಡೆದರು. ಅಲ್ಲಿಯೇ ಅವನು ಸಿಖ್ ಧರ್ಮಕ್ಕೆ ಮರಳಿದನು. ತಾಯ್ನಾಡನ್ನು ಮತ್ತೆ ತಲುಪಲಾಗದೆ 1893ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ನಿಧನನಾದನು. ಅವನ ದೇಹವನ್ನು ಎಲ್ವೆಡನ್ನಿಗೆ ತಂದು, ಚರ್ಚಿನ ಅಂಗಳದಲ್ಲಿ ಹೆಂಡತಿ ಬಾಂಬಾ ಮತ್ತು ಮಗ ಎಡ್ವರ್ಡ್ ಇವರ ಸಮಾಧಿಗಳ ಪಕ್ಕದಲ್ಲಿ ಹೂಳಲಾಯಿತು.

ಗಿನ್ನೆಸ್ ಮನೆತನ

1894ರಲ್ಲಿ ಎಡ್ವರ್ಡ್ ಸೆಸಿಲ್ ಗಿನ್ನೆಸ್ (1847–1927) ಈ ಎಸ್ಟೇಟನ್ನು ಕೊಂಡನು. ಡಬ್ಲಿನ್ನಿನ ಪ್ರಸಿದ್ಧ ಮದ್ಯ ತಯಾರಿಕಾ ಸಂಸ್ಥೆಯ ಸ್ಥಾಪಕ ಆರ್ಥರ್ ಗಿನ್ನೆಸ್‌ನ ಮರಿಮಗನಾದ ಈತನಿಗೆ 1919ರಲ್ಲಿ ಐವಾ ಅರ್ಲ್ ಪದವಿ ದೊರೆಯಿತು. 1899ರಿಂದ 1903ರವರೆಗೆ ವಾಸ್ತುಶಿಲ್ಪಿ ವಿಲಿಯಂ ಯಂಗ್ ಮತ್ತು ಅವನ ಮಗ ಕ್ಲೈಡ್ ಯಂಗ್ ಬಂಗಲೆಯನ್ನು ವಿಸ್ತರಿಸಿದರು. ಮಹಾರಾಜನ ಮನೆಯನ್ನು ಒಂದು ಪಕ್ಕವಾಗಿ ಉಳಿಸಿಕೊಂಡು, ಅದಕ್ಕೆ ಸರಿಸಾಟಿಯಾದ ಇನ್ನೊಂದು ಪಕ್ಕವನ್ನು ಕಟ್ಟಿ, ಎರಡರ ನಡುವೆ ಗುಮ್ಮಟವುಳ್ಳ ಅಮೃತಶಿಲೆಯ 'ಇಂಡಿಯನ್ ಹಾಲ್' ಅನ್ನು ನಿರ್ಮಿಸಿದರು. ಭಾರತೀಯ ಕಲೆಯ ತಜ್ಞ ಕ್ಯಾಸ್ಪರ್ ಪರ್ಡನ್ ಕ್ಲಾರ್ಕ್ ಇದರ ಅಲಂಕಾರಕ್ಕೆ ಸಲಹೆಗಾರನಾಗಿದ್ದನು. ಹಳ್ಳಿಯ ಚರ್ಚನ್ನೂ ಇದೇ ಅವಧಿಯ ನಂತರ ವಾಸ್ತುಶಿಲ್ಪಿ ಡಬ್ಲ್ಯೂ. ಡಿ. ಕ್ಯಾರೊನ ನೇತೃತ್ವದಲ್ಲಿ ವಿಸ್ತರಿಸಲಾಯಿತು.

ಮೊದಲ ಅರ್ಲ್‌ನ ಕಾಲದಲ್ಲಿಯೂ ಎಸ್ಟೇಟಿನ ಮುಖ್ಯ ಉದ್ದೇಶ ಬೇಟೆಯೇ ಆಗಿತ್ತು. ಐದನೆಯ ಜಾರ್ಜ್ ದೊರೆ ಇಲ್ಲಿಗೆ ಪದೇ ಪದೇ ಬೇಟೆಗೆ ಬರುತ್ತಿದ್ದನು. ಹೊಲ ಕಾಡುಗಳೆರಡನ್ನೂ ಬೇಟೆಹಕ್ಕಿಯ ಅನುಕೂಲ ನೋಡಿ ನಿರ್ವಹಿಸಲಾಗುತ್ತಿತ್ತು. ಬೆಳೆಯಿಂದ ಬರುವ ಆದಾಯ ಅಲ್ಲಿ ಗೌಣವಾಗಿತ್ತು.

ಬೇಟೆಯ ವ್ಯವಸ್ಥೆ

ಇಂಗ್ಲೆಂಡಿನ ದೊಡ್ಡ ಎಸ್ಟೇಟುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಹಕ್ಕಿಗಳನ್ನು ಅಟ್ಟಿಬರಿಸಿ ಹೊಡೆಯುವ ಬೇಟೆ ರೂಢಿಗೆ ಬಂದಿತು. ಹಿಂಬದಿಯಿಂದ ತೋಟಾ ತುಂಬುವ ಬಂದೂಕು ಬಂದ ಮೇಲೆ ಬೇಗಬೇಗನೆ ಗುಂಡು ಹಾರಿಸುವುದು ಸಾಧ್ಯವಾದದ್ದು ಇದಕ್ಕೆ ಕಾರಣ. ಬಂದೂಕುಧಾರಿಗಳು ಗೊತ್ತುಪಡಿಸಿದ ಜಾಗಗಳಲ್ಲಿ ಸಾಲಾಗಿ ನಿಲ್ಲುತ್ತಾರೆ. 'ಬೀಟರ್'ಗಳೆಂಬ ಆಳುಗಳು ತೋಪಿನ ಇನ್ನೊಂದು ತುದಿಯಿಂದ ಕೋಲು ಬಡಿಯುತ್ತಾ ನಡೆದು ಹಕ್ಕಿಗಳನ್ನು ಅವರತ್ತ ಎಬ್ಬಿಸುತ್ತಾರೆ. ಬಿದ್ದ ಹಕ್ಕಿಗಳನ್ನು ತರಬೇತಾದ ನಾಯಿಗಳು ಹುಡುಕಿ ತರುತ್ತವೆ.

ಈ ಬೇಟೆಗೆ ವರ್ಷವಿಡೀ ಸಿದ್ಧತೆ ಬೇಕು. ಅದರ ಹೊಣೆ 'ಗೇಮ್‌ಕೀಪರ್' ಎಂಬ ಬೇಟೆಪಾಲಕನದು. ಫೆಸೆಂಟ್ ಮೊಟ್ಟೆಗಳನ್ನು ಸಂಗ್ರಹಿಸಿ ಸಾಕುಕೋಳಿಗಳ ಕಾವಿಗಿಟ್ಟು, ಮರಿಗಳನ್ನು ಬೆಳೆಸಿ, ಬೇಸಿಗೆಯಲ್ಲಿ ತೋಪುಗಳಿಗೆ ಬಿಡುತ್ತಿದ್ದರು. ಗೌಜಲಹಕ್ಕಿಗೆ ನೆರೆಯ ಯೂಸ್ಟನ್ ಎಸ್ಟೇಟಿನ ಹೆಸರಿನ ಇನ್ನೊಂದು ವಿಧಾನವಿತ್ತು. ಕಾಡಿನ ಗೂಡಿನಿಂದ ಮೊಟ್ಟೆಗಳನ್ನು ತೆಗೆದು ಹುಸಿಮೊಟ್ಟೆಗಳನ್ನಿಟ್ಟು, ನಿಜವಾದವನ್ನು ಕೋಳಿಯ ಕಾವಿನಲ್ಲಿ ಸುರಕ್ಷಿತವಾಗಿರಿಸಿ, ಒಡೆಯುವ ಹೊತ್ತಿಗೆ ತಾಯಿಹಕ್ಕಿಗೇ ಮರಳಿಸುವುದು ಆ ವಿಧಾನ. ಎಲ್ವೆಡನ್ನಿನ ಬೇಟೆಪಾಲಕ ಟಿ. ಡಬ್ಲ್ಯೂ. ಟರ್ನರ್ ತನ್ನ ದೀರ್ಘಕಾಲದ ಸೇವೆಯ ನೆನಪುಗಳನ್ನು ಪುಸ್ತಕವಾಗಿ ಬರೆದಿದ್ದು, ಅಂದಿನ ಬೇಟೆಯ ವ್ಯವಸ್ಥೆಗೆ ಅದು ಮುಖ್ಯ ಆಧಾರವಾಗಿದೆ.

ಈ ವೈಭವಕ್ಕೆ ಇತರರು ತೆತ್ತ ಬೆಲೆಯೂ ಇದೆ. ಬೇಟೆಹಕ್ಕಿಗಳ ರಕ್ಷಣೆಗಾಗಿ ಗಿಡುಗ, ಗೂಬೆ, ನರಿ ಮುಂತಾದವನ್ನು ದೇಶದಾದ್ಯಂತ ಬೇಟೆಪಾಲಕರು ಕೊಲ್ಲುತ್ತಿದ್ದರು. ಗೇಣಿದಾರನ ಪೈರನ್ನು ಮೊಲ ತಿಂದರೂ ಅದನ್ನು ಹೊಡೆಯುವ ಹಕ್ಕು ಸಾಮಾನ್ಯವಾಗಿ ಒಡೆಯನಿಗಷ್ಟೇ ಇತ್ತು. 1880ರಲ್ಲಿ ಬ್ರಿಟಿಷ್ ಸಂಸತ್ತು ಮಾಡಿದ ಕಾನೂನಿನಿಂದ ಮಾತ್ರ ತನ್ನ ಹೊಲಕ್ಕೆ ಬಂದ ಮೊಲವನ್ನು ಕೊಲ್ಲುವ ಅಧಿಕಾರ ರೈತನಿಗೆ ದೊರೆಯಿತು.

ಇಂದು ಇಂಗ್ಲೆಂಡಿನಲ್ಲಿ ಗೌಜಲಹಕ್ಕಿಯ ಬೇಟೆಗೆ ಸೆಪ್ಟೆಂಬರ್ 1ರಿಂದ, ಫೆಸೆಂಟ್ ಬೇಟೆಗೆ ಅಕ್ಟೋಬರ್ 1ರಿಂದ ಅವಕಾಶವಿದೆ. ಎರಡೂ ಫೆಬ್ರವರಿ 1ಕ್ಕೆ ಮುಗಿಯುತ್ತವೆ. ಎಲ್ವೆಡನ್ನಿನಲ್ಲಿ ಬೇಟೆ ಈಗಲೂ ನಡೆಯುತ್ತದೆಯಾದರೂ ಅದು ಎಸ್ಟೇಟಿನ ಹಲವು ಉದ್ಯಮಗಳಲ್ಲಿ ಒಂದಷ್ಟೇ.

ಮಹಾಯುದ್ಧಗಳ ಕಾಲ

1916ರ ಬೇಸಿಗೆಯಲ್ಲಿ ಎಲ್ವೆಡನ್ನಿನ ಬಯಲುಗಳಲ್ಲಿ ಬ್ರಿಟಿಷ್ ಸೇನೆಯು ಜಗತ್ತಿನ ಮೊದಲ ಯುದ್ಧಟ್ಯಾಂಕುಗಳ ಸಿಬ್ಬಂದಿಗೆ ರಹಸ್ಯವಾಗಿ ತರಬೇತಿ ನೀಡಿತು. ಕಂದಕ, ಮುಳ್ಳುತಂತಿ ಮತ್ತು ಗುಂಡಿಗಳಿಂದ ಕೂಡಿದ ಅಣಕು ರಣರಂಗವನ್ನು ಇಲ್ಲಿ ಕಟ್ಟಲಾಯಿತು. ಜನರು ಹತ್ತಿರ ಬರದಿರಲೆಂದು ಆ ಪ್ರದೇಶಕ್ಕೆ 'ಸ್ಫೋಟಕಗಳ ವಲಯ' ಎಂಬ ಹೆಸರಿಡಲಾಗಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೊಮ್ ರಣರಂಗದಲ್ಲಿ ಟ್ಯಾಂಕುಗಳು ಮೊದಲ ಬಾರಿಗೆ ಬಳಕೆಯಾದವು.

ಎಲ್ವೆಡನ್, ಎರಿಸ್‌ವೆಲ್ ಮತ್ತು ಇಕ್ಲಿಂಗ್‌ಹ್ಯಾಮ್ ಎಂಬ ಮೂರು ಗ್ರಾಮಗಳ ಗಡಿಗಳು ಕೂಡುವ ಜಾಗದಲ್ಲಿ, ಅಲ್ಲಿಂದ ಯುದ್ಧಕ್ಕೆ ಹೋಗಿ ಮಡಿದವರ ನೆನಪಿಗಾಗಿ 127 ಅಡಿ ಎತ್ತರದ ಕಲ್ಲಿನ ಕಂಬವನ್ನು 1921ರಲ್ಲಿ ನಿಲ್ಲಿಸಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಎಲ್ವೆಡನ್ ಹಾಲ್ ಅಮೆರಿಕದ ಎಂಟನೆಯ ವಾಯುಪಡೆಯ ಒಂದು ವಿಭಾಗದ ಪ್ರಧಾನ ಕಚೇರಿಯಾಗಿತ್ತು.

ಕೃಷಿ

1927ರಲ್ಲಿ ಎರಡನೆಯ ಅರ್ಲ್ ರೂಪರ್ಟ್ ಗಿನ್ನೆಸ್ (1874–1967) ಉತ್ತರಾಧಿಕಾರಿಯಾದ ಮೇಲೆ ಎಸ್ಟೇಟಿನ ಗುರಿ ಬದಲಾಯಿತು. ಕ್ಷಯರೋಗಾಣುಗಳಿಲ್ಲದ ಶುದ್ಧ ಹಾಲಿನ ಉತ್ಪಾದನೆಯಲ್ಲಿ ಈತನಿಗೆ ವಿಶೇಷ ಆಸಕ್ತಿಯಿತ್ತು. ಕೃಷಿ ಬೆಲೆಗಳು ಕುಸಿದು ಹಗುರ ಮಣ್ಣಿನ ಹೊಲಗಳನ್ನು ಹಲವರು ಕೈಬಿಡುತ್ತಿದ್ದ ಕಾಲದಲ್ಲಿ ಈತ ಬೀಳುಬಯಲನ್ನು ಬೇಸಾಯಕ್ಕೆ ತರಲು ಹೊರಟನು.

ಮೊದಲು ಮೊಲಗಳು ನುಗ್ಗದಂತೆ ತಂತಿಬಲೆಯ ಬೇಲಿ ಹಾಕಿ ಅವನ್ನು ನಿವಾರಿಸಲಾಯಿತು. ನಂತರ ಕುದುರೆಮಸಾಲೆ (ಲೂಸರ್ನ್) ಮೇವನ್ನು ಬಿತ್ತಲಾಯಿತು. ಅದರ ಬೇರು ಆಳಕ್ಕಿಳಿದು ಒಣ ಮರಳಿನ ಕೆಳಗಿನ ತೇವವನ್ನು ಹೀರುತ್ತದೆ, ದ್ವಿದಳ ಸಸ್ಯವಾದ್ದರಿಂದ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ಅದನ್ನು ಮೇಯ್ದ ದನಕುರಿಗಳ ಗೊಬ್ಬರದಿಂದ ಮರಳಿಗೆ ಜೈವಿಕ ಅಂಶ ಸೇರಿತು. ಕೆಲವು ವರ್ಷ ಹೀಗೆ ಮೇವಿಗೆ ಬಿಟ್ಟ ನೆಲವನ್ನು ಉತ್ತು ಧಾನ್ಯ ಬೆಳೆಯುವ ಸರದಿ ಬೇಸಾಯ ರೂಢಿಗೆ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಆಹಾರದ ಅಭಾವ ತಲೆದೋರಿದಾಗ ಇನ್ನಷ್ಟು ಬಯಲು ನೇಗಿಲಿಗೆ ಬಂದಿತು. ಈ ಪ್ರಯತ್ನದ ಕಥೆಯನ್ನು ಜಾರ್ಜ್ ಮಾರ್ಟೆಲ್ಲಿ 1952ರಲ್ಲಿ 'ದಿ ಎಲ್ವೆಡನ್ ಎಂಟರ್‌ಪ್ರೈಸ್' ಎಂಬ ಪುಸ್ತಕದಲ್ಲಿ ದಾಖಲಿಸಿದನು.

ಈಗ ಸುಮಾರು 10,000 ಎಕರೆಯಲ್ಲಿ ಬೇಸಾಯ ನಡೆಯುತ್ತದೆ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಮತ್ತು ಪಾರ್ಸ್ನಿಪ್ ಗಡ್ಡೆಗಳು ಮುಖ್ಯ ಬೆಳೆಗಳು. ಇವುಗಳೊಡನೆ ಧಾನ್ಯಗಳೂ ಸಕ್ಕರೆ ಬೀಟೂ ಇವೆ. ಹಿಂದೆ ದೋಷವೆನಿಸಿದ್ದ ಮರಳುಗುಣವೇ ಗಡ್ಡೆ ತರಕಾರಿಗೆ ಅನುಕೂಲವಾಗಿದೆ. ಸಡಿಲ ಮಣ್ಣಿನಲ್ಲಿ ಗಡ್ಡೆ ನೇರವಾಗಿ ಬೆಳೆಯುತ್ತದೆ, ಚಳಿಗಾಲದಲ್ಲಿಯೂ ಕೆಸರಿನ ಕಾಟವಿಲ್ಲದೆ ಯಂತ್ರದಿಂದ ಅಗೆಯಬಹುದು. ಆದರೆ ನೀರಾವರಿಯಿಲ್ಲದೆ ಈ ಬೇಸಾಯ ಸಾಧ್ಯವಿಲ್ಲ. ಕೊಳವೆಬಾವಿ, ನೀರಿನ ಸಂಗ್ರಹ ಕೊಳ ಮತ್ತು ಕೊಳವೆಮಾರ್ಗಗಳ ಮೇಲೆ ಅದು ನಿಂತಿದೆ. ಮಳೆ ಕಡಿಮೆಯಿರುವ ಪ್ರದೇಶದಲ್ಲಿ ಅಂತರ್ಜಲದ ಮಿತವಾದ ಬಳಕೆ ಆದ್ದರಿಂದ ಮುಖ್ಯ ಪ್ರಶ್ನೆಯಾಗಿದೆ.

ಅರಣ್ಯ

ಎಲ್ವೆಡನ್ನಿನ ಮರಗಳು ಮೂರು ಬಗೆಯ ಕೆಲಸ ಮಾಡುತ್ತವೆ. ಹೊಲಗಳ ನಡುವಿನ ಪಟ್ಟಿಗಳು ಗಾಳಿಯನ್ನು ತಡೆದು ಮರಳನ್ನೂ ಬಿತ್ತಿದ ಬೀಜವನ್ನೂ ಹಿಡಿದಿಡುತ್ತವೆ. ಅದೇ ಪಟ್ಟಿಗಳು ಫೆಸೆಂಟ್ ಹಕ್ಕಿಗೆ ಆಸರೆಯಾಗುತ್ತವೆ. ದೊಡ್ಡ ನೆಡುತೋಪುಗಳು ಮರಮುಟ್ಟನ್ನು ಕೊಡುತ್ತವೆ. ಸ್ಕಾಟ್ಸ್ ಪೈನ್ ಮತ್ತು ಕಾರ್ಸಿಕನ್ ಪೈನ್ ಇಲ್ಲಿನ ಮುಖ್ಯ ಜಾತಿಗಳು. ಒತ್ತಾಗಿ ನೆಟ್ಟ ಸಸಿಗಳಲ್ಲಿ ಕೆಲವನ್ನು ಕಾಲಕಾಲಕ್ಕೆ ಕಡಿದು, ಉಳಿದವು ದಪ್ಪವಾಗಿ ಬೆಳೆಯಲು ಅಂತರ ಕೊಡುತ್ತಾರೆ. ಬಲಿತ ಮೇಲೆ ತುಂಡುತುಂಡಾಗಿ ಕಡಿದು ಮತ್ತೆ ನೆಡುತ್ತಾರೆ.

ಎಸ್ಟೇಟಿನ ಸುತ್ತ ಸರ್ಕಾರಿ ಕಾಡೂ ಇದೆ. ಮೊದಲ ಮಹಾಯುದ್ಧದಲ್ಲಿ ಮರದ ಕೊರತೆಯನ್ನು ಅನುಭವಿಸಿದ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಆಯೋಗವು 1922ರಿಂದ ಬ್ರೆಕ್‌ಲ್ಯಾಂಡಿನ ಅಗ್ಗದ ನೆಲವನ್ನು ಕೊಂಡು ಥೆಟ್‌ಫರ್ಡ್ ಅರಣ್ಯವನ್ನು ಬೆಳೆಸಿತು. ಅದು ಈಗ ಬ್ರಿಟನ್ನಿನ ತಗ್ಗುಪ್ರದೇಶದ ಅತಿದೊಡ್ಡ ಪೈನ್ ಕಾಡು. ಒಂದೇ ಜಾತಿಯ ಮರವನ್ನು ವಿಶಾಲವಾಗಿ ಬೆಳೆಸುವುದರ ಅಪಾಯವೂ ಈ ಪ್ರದೇಶದಲ್ಲಿ ಕಂಡುಬಂದಿದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಸೂಜಿಎಲೆಗಳನ್ನು ಉದುರಿಸುವ ಡೊಥಿಸ್ಟ್ರೋಮಾ ಶಿಲೀಂಧ್ರರೋಗವು ಕಾರ್ಸಿಕನ್ ಪೈನ್ ಮರಗಳಿಗೆ ತಗುಲಿ, ಅರಣ್ಯ ಆಯೋಗವು ಆ ಜಾತಿಯನ್ನು ಹೊಸದಾಗಿ ನೆಡುವುದನ್ನು ನಿಲ್ಲಿಸಬೇಕಾಯಿತು.

ವನ್ಯಜೀವಿ

ಬ್ರೆಕ್‌ಲ್ಯಾಂಡಿನ ತೆರೆದ ಬಯಲು ಮನುಷ್ಯನ ಬಳಕೆಯಿಂದಲೇ ಉಳಿದುಬಂದ ನೆಲೆ. ಸ್ಟೋನ್ ಕರ್ಲ್ಯೂ ಎಂಬ ದೊಡ್ಡ ಕಣ್ಣಿನ ನೆಲಹಕ್ಕಿ ಕಲ್ಲುಮರಳಿನ ಬೋಳು ನೆಲದಲ್ಲಿ ಮೊಟ್ಟೆಯಿಡುತ್ತದೆ. ಇಂಗ್ಲೆಂಡಿನಲ್ಲಿ ಅದರ ಮುಖ್ಯ ನೆಲೆಗಳಲ್ಲಿ ಬ್ರೆಕ್‌ಲ್ಯಾಂಡ್ ಒಂದು. 1953ರಲ್ಲಿ ಬ್ರಿಟನ್ನಿಗೆ ಬಂದ ಮಿಕ್ಸೊಮಾಟೋಸಿಸ್ ರೋಗದಿಂದ ಮೊಲಗಳು ಬಹುಪಾಲು ಸತ್ತುಹೋದವು. ಅದು ರೈತರಿಗೆ ನೆಮ್ಮದಿ ತಂದಿತು. ಆದರೆ ಮೇಯುವವರಿಲ್ಲದ ಬಯಲುಗಳಲ್ಲಿ ಎತ್ತರದ ಹುಲ್ಲು, ಜರೀಗಿಡ ಮತ್ತು ಪೈನ್ ಸಸಿಗಳು ಬೆಳೆದು ಈ ಹಕ್ಕಿಯ ನೆಲೆ ಕುಗ್ಗಿತು.

ಇಂದು ಬ್ರೆಕ್‌ಲ್ಯಾಂಡಿನ ಬಹುಭಾಗ ಸ್ಟೋನ್ ಕರ್ಲ್ಯೂ, ನೈಟ್‌ಜಾರ್ ಮತ್ತು ವುಡ್‌ಲಾರ್ಕ್ ಹಕ್ಕಿಗಳಿಗಾಗಿ ವಿಶೇಷ ಸಂರಕ್ಷಣಾ ಪ್ರದೇಶವಾಗಿದೆ. ಸ್ಟೋನ್ ಕರ್ಲ್ಯೂಗೆ ಬೋಳು ಹೊಲವೂ, ಉಳಿದೆರಡಕ್ಕೆ ಮರ ಕಡಿದು ತೆರವಾದ ಜಾಗವೂ ಒಗ್ಗುತ್ತವೆ. ಹೀಗಾಗಿ ಬಿತ್ತನೆಯ ಮತ್ತು ಮರ ಕಡಿಯುವ ವೇಳೆಯನ್ನು ಗೂಡುಗಳಿಗೆ ಧಕ್ಕೆಯಾಗದಂತೆ ಹೊಂದಿಸುವುದು ಇಲ್ಲಿನ ಸಂರಕ್ಷಣೆಯ ಮುಖ್ಯ ಭಾಗ. ಬೂದು ಗೌಜಲಹಕ್ಕಿಯ ಸಂಖ್ಯೆ ಮಾತ್ರ ಬ್ರಿಟನ್ನಿನಾದ್ಯಂತ ತೀವ್ರವಾಗಿ ಇಳಿದಿದೆ. ಕಳೆನಾಶಕ ಕೀಟನಾಶಕಗಳಿಂದ ಮರಿಗಳ ಕೀಟಾಹಾರ ಕಡಿಮೆಯಾದದ್ದು ಇದಕ್ಕೆ ಪ್ರಮುಖ ಕಾರಣ.

ಇಂದಿನ ಸ್ಥಿತಿ

ಎರಡನೆಯ ಅರ್ಲ್‌ನ ಮಗ 1945ರಲ್ಲಿ ಯುದ್ಧದಲ್ಲಿ ಮಡಿದಿದ್ದರಿಂದ 1967ರಲ್ಲಿ ಆಸ್ತಿಯು ಮೊಮ್ಮಗನಿಗೆ ಬಂದಿತು. ಎಲ್ವೆಡನ್ ಹಾಲ್‌ನ ಪೀಠೋಪಕರಣ ಮತ್ತು ಕಲಾವಸ್ತುಗಳು 1984ರಲ್ಲಿ ಹರಾಜಾದವು. ಬರಿದಾದ ಬಂಗಲೆಯು 'ಐಸ್ ವೈಡ್ ಶಟ್' (1999), 'ಲಾರಾ ಕ್ರಾಫ್ಟ್: ಟೂಂಬ್ ರೈಡರ್' (2001) ಮುಂತಾದ ಚಲನಚಿತ್ರಗಳ ಚಿತ್ರೀಕರಣಕ್ಕೆ ಬಳಕೆಯಾಗಿದೆ. 1989ರಲ್ಲಿ ಪೈನ್ ಕಾಡಿನ ನಡುವೆ ಸೆಂಟರ್ ಪಾರ್ಕ್ಸ್ ಸಂಸ್ಥೆಯ ರಜಾಗ್ರಾಮ ತೆರೆಯಿತು. ಹಳ್ಳಿಯ ಮಧ್ಯೆ ಹಾದುಹೋಗುತ್ತಿದ್ದ ಎ11 ಹೆದ್ದಾರಿಯನ್ನು 2014ರಲ್ಲಿ ಹೊರವರ್ತುಲಕ್ಕೆ ತಿರುಗಿಸಲಾಯಿತು.

ಚರ್ಚಿನ ಅಂಗಳದಲ್ಲಿರುವ ದುಲೀಪ್ ಸಿಂಗನ ಸಮಾಧಿಯನ್ನು ನೋಡಲು ಬ್ರಿಟನ್ನಿನ ಮತ್ತು ಹೊರದೇಶಗಳ ಸಿಖ್ಖರು ಬರುತ್ತಾರೆ. ಕುದುರೆಯನ್ನೇರಿದ ಮಹಾರಾಜನ ಕಂಚಿನ ಪ್ರತಿಮೆಯನ್ನು 1999ರಲ್ಲಿ ಥೆಟ್‌ಫರ್ಡ್‌ನಲ್ಲಿ ಸ್ಥಾಪಿಸಲಾಗಿದೆ. ಅವನ ಮಗ ಫ್ರೆಡರಿಕ್ ದುಲೀಪ್ ಸಿಂಗ್ ಅದೇ ಪಟ್ಟಣಕ್ಕೆ ದಾನವಾಗಿ ಕೊಟ್ಟ ಹಳೆಯ ಮನೆಯು ಈಗ ವಸ್ತುಸಂಗ್ರಹಾಲಯವಾಗಿದೆ.